ಸರಸಕ್ಕನ ಗಾಂಧಾರ

ಕಾಪುವಿನ ವಾಸಣ್ಣ ದೋಣಿಗೆ ಹೋಗುವುದನ್ನು ನಿಲ್ಲಿಸಿದ ಮೇಲೂ ಶನಿವಾರದ ಭಜನೆ ಬಿಟ್ಟವರಲ್ಲ. ಅವರು ಹಾರ್ಮೋನಿಯಂ ಪೆಟ್ಟಿಗೆ ನುಡಿಸುವುದು, ಹೆಂಡತಿ ಸರಸಕ್ಕ ಹಾಡುವುದು, ಪಕ್ಕದ ಮನೆಯ ನಾನು ತಾಳ ಹಾಕುವುದು. ಸರಸಕ್ಕನದು ಮೀನು ಮಾರಿ ಮಾರಿ ಗಟ್ಟಿಯಾದ ಗಂಟಲು. ಆದರೆ ಸ, ರಿ ದಾಟಿ ಗಾಂಧಾರಕ್ಕೆ ಬಂದರೆ ಅವರ ಸ್ವರ ಪೆಟ್ಟಿಗೆಯ ಸ್ವರಕ್ಕಿಂತ ಒಂದು ಕೂದಲೆಳೆ ಕೆಳಗೆ ನಿಲ್ಲುತ್ತಿತ್ತು. ಕೇಳಲು ಅಲ್ಲೇ ಚೆಂದವಿತ್ತು.

"ಪೆಟ್ಟಿಗೆಗೆ ಬೇಕಾಗಿ ನಾನು ಬಗ್ಗುವುದಿಲ್ಲ" ಎಂದರಂತೆ ಅವರು, ಮದುವೆಯಾದ ಹೊಸತರಲ್ಲಿ. ಗಂಡ ಪೆಟ್ಟಿಗೆ ಬಿಚ್ಚಿ, ಆ ಸ್ವರ ಇಳಿಯಲೆಂದು ಅದರ ಹಿತ್ತಾಳೆ ನಾಲಗೆಯ, ಅಂದರೆ ರೀಡಿನ, ಬುಡವನ್ನು ಸಣ್ಣ ಅರದಿಂದ ಕೆರೆಯಲು ಕೂತರು. ಇವರು ಕೆರೆದು ನುಡಿಸಬೇಕು, ಅವರು ಹಾಡಿ ನೋಡಬೇಕು. "ಇನ್ನೂ ಸ್ವಲ್ಪ... ಹಾಂ, ಸಾಕು, ನಿಲ್ಲಿಸಿ!" ಎಂದು ಸರಸಕ್ಕ ಹೇಳಿದ ಮೇಲೆಯೇ ಅರ ಕೆಳಗಿಟ್ಟದ್ದು. ಮುಂದೆ ಗಂಟಲು ಇಳಿದಾಗಲೆಲ್ಲ ಇದೇ ಕೆಲಸ. ಇಂಥ ಗಂಡನನ್ನು ನಾನು ಬೇರೆಲ್ಲೂ ಕಂಡಿಲ್ಲ ಮಾರಾಯ್ರೆ. ನಮ್ಮ ಮನೆಯವರಿಗೆ ನಾನು ಬಾಯಿ ತೆರೆದರೇ ತಲೆನೋವು.

ಹೋದ ವರ್ಷ ಸರಸಕ್ಕ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜದ ದಿನ ಅವರ ಹೆಸರಿನಲ್ಲಿ ಭಜನೆ ಎಂದಾಯಿತು. ಮಗ ಧನರಾಜ್, ಪಾಪ, ಅಪ್ಪನಿಗೆ ಸಂತೋಷವಾಗಲಿ ಎಂದು ಹೇಳದೆ ಕೇಳದೆ ಪೆಟ್ಟಿಗೆಯನ್ನು ಉಡುಪಿಗೆ ಒಯ್ದು ರಿಪೇರಿ ಮಾಡಿಸಿ ತಂದ.

"ಮೆಷಿನ್ ಇಟ್ಟು ನೋಡಿ ಮಾಡಿದ್ದು ಅಪ್ಪಾ. ಕೆಳಗಿನ ಸ ದಿಂದ ಮೇಲಿನ ಸ ವರೆಗೆ ಹನ್ನೆರಡು ಮೆಟ್ಟಿಲು, ಈಗ ಎಲ್ಲ ಒಂದೇ ಅಳತೆ. ಒಂದು ಸ್ವರ ತುಂಬಾ ಇಳಿದಿತ್ತಂತೆ, ಅದನ್ನೂ ಸರಿ ಮಾಡಿದ್ದಾರೆ."

ವಾಸಣ್ಣ ಗಾಂಧಾರ ಒತ್ತಿದರು. ಇನ್ನೊಮ್ಮೆ ಒತ್ತಿದರು. ಸರಸಕ್ಕನ ಆ ಕೂದಲೆಳೆ ಅಲ್ಲಿರಲಿಲ್ಲ. ಆದರೆ ಅವರು ಮಗನ ಮುಖ ನೋಡಿ, "ಒಳ್ಳೆದುಂಟು ಮಗಾ" ಎಂದರು. ಅಂದಿನ ಭಜನೆಯುದ್ದಕ್ಕೂ ಆ ಸ್ವರ ಬಂದಾಗಲೆಲ್ಲ ಬೆರಳೆತ್ತಿ ಅದನ್ನು ನುಡಿಸದೆ ಬಿಡುತ್ತಿದ್ದರು. ಧನರಾಜ್‌ಗೆ ಗೊತ್ತಾಗಲಿಲ್ಲ, ಇವತ್ತಿಗೂ ಗೊತ್ತಿಲ್ಲ.

ಎಲ್ಲರೂ ಊಟಕ್ಕೆ ಎದ್ದರೂ ಅವರು ಪೆಟ್ಟಿಗೆಯ ಮುಂದೆಯೇ ಕೂತಿದ್ದರು. ಕಣ್ಣು ತುಂಬಿತ್ತು. ನನಗೆ ಸಂಕಟವಾದರೆ ಬರುವುದು ಸಿಟ್ಟೇ.

"ಎಂತ ವಾಸಣ್ಣ ಇದು? ಅರ ಮನೆಯಲ್ಲೇ ಉಂಟಲ್ವಾ? ಪುನಃ ಕೆರೆದರಾಯಿತು!"

"ಕೆರೆಯಬಹುದು ಕುಶಲಾ" ಎಂದರು ಅವರು. "ಸಾಕು, ನಿಲ್ಲಿಸಿ ಅಂತ ಹೇಳಲಿಕ್ಕೆ ಅವಳು ಬೇಕಲ್ಲ."