ಮೂಲೆ ಮಡಿಚಿದ ಪೊಟ್ಟಣ

ಆಗೆಲ್ಲ ನಮ್ಮ ತಾಳ್ಯದ ಕಡೆ ಪ್ರವಾಸ ಅಂತ ಯಾರೂ ಹೊರಡುತ್ತಿರಲಿಲ್ಲ. ಮದುವೆಗೆ ಹೋಗುತ್ತಿದ್ದರು, ಸಾವಿಗೆ ಹೋಗುತ್ತಿದ್ದರು, ಕುರಿ ಸಂತೆಗೆ ಹೋಗುತ್ತಿದ್ದರು. ಸುಮ್ಮನೆ ನೋಡಿಕೊಂಡು ಬರಲು ಡೀಸೆಲ್ ಸುಡುವವರನ್ನು ಕೊಬ್ಬು ಹೆಚ್ಚಾದವರು ಅನ್ನುತ್ತಿದ್ದರು. ಅಂಥದ್ದರಲ್ಲಿ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯವರೆಲ್ಲ ಟ್ರ್ಯಾಕ್ಸ್ ಗಾಡಿ ಹತ್ತಿ ಕೋಟೆ, ಮಾರಿಕಣಿವೆ ಡ್ಯಾಮು ನೋಡಲು ಹೊರಟಾಗ ಕೇರಿಯವರು ಬಾಗಿಲಿಗೆ ಬಂದು ನಿಂತು ನೋಡಿದ್ದರು. ನೀವೂ ಚಿಕ್ಕವರಿದ್ದಾಗ ಇಂಥದ್ದೊಂದು ಪ್ರವಾಸ ಹೋಗಿರುತ್ತೀರಿ. ನಿಮ್ಮದು ಸಿಹಿಯಾಗಿ ಉಳಿದಿದ್ದರೆ ಸಂತೋಷ. ನನ್ನದು ಹಾಗೆ ಉಳಿದಿಲ್ಲ, ಉಳಿಯಲೂಬಾರದು.

ಹೊರಡಲು ಕಾರಣ ನಮ್ಮ ರತ್ನಕ್ಕ. ನನಗಾಗ ಒಂಬತ್ತು ವರ್ಷ, ಅವಳಿಗೆ ಹದಿನೆಂಟು. ದಿನಾ ಬಸ್ಸಿನಲ್ಲಿ ಜೋತುಬಿದ್ದು ಹೊಳಲ್ಕೆರೆಗೆ ಹೋಗಿ ಪಿಯುಸಿ ಮುಗಿಸಿದ್ದಳು, ಅದೂ ಫಸ್ಟ್ ಕ್ಲಾಸಿನಲ್ಲಿ. ಚಿತ್ರದುರ್ಗದಲ್ಲಿ ಟಿಸಿಎಚ್‌ಗೆ ಸೀಟು ಸಿಕ್ಕಿದೆ ಅಂತ ಅಂಚೆಯಲ್ಲಿ ಕಾಗದ ಬಂದಿತ್ತು. ಟಿಸಿಎಚ್ ಅಂದರೆ ಆಗ ಪ್ರೈಮರಿ ಶಾಲೆ ಟೀಚರಾಗುವ ಓದು. ಸೇರಲು ಸೋಮವಾರವೇ ಕೊನೆಯ ದಿನ. ಕುರಿ ಕಾಯುವ ನಮ್ಮ ಮನೆತನದಲ್ಲಿ ಗಂಡುಮಕ್ಕಳೇ ಏಳನೇ ಕ್ಲಾಸು ದಾಟಿದವರಿರಲಿಲ್ಲ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಆದರೂ ಆ ಕಾಗದವನ್ನು ಬಿಚ್ಚಿ ಬಿಚ್ಚಿ ನೋಡಿ, ಮತ್ತೆ ಮಡಿಚಿ ರುಮಾಲಿನೊಳಗೆ ಸಿಕ್ಕಿಸಿಕೊಳ್ಳುತ್ತಿದ್ದ.

ನನಗೆ ರತ್ನಕ್ಕ ಬರೀ ಅಕ್ಕ ಆಗಿರಲಿಲ್ಲ. ತಲೆ ಬಾಚುವುದು, ಹೇನು ಹೆಕ್ಕುವುದು, ಮಗ್ಗಿ ತಪ್ಪಿದರೆ ಕಿವಿ ಹಿಂಡುವುದು ಎಲ್ಲ ಅವಳೇ. ಟೀಚರಾದ ಮೇಲೆ ಯಾವ ಬಣ್ಣದ ಸೀರೆ ಉಡುತ್ತೇನೆ, ಯಾವ ಕೈಗೆ ವಾಚು ಕಟ್ಟುತ್ತೇನೆ ಅಂತ ಅವ್ವನಿಗೆ ಹೇಳದ್ದನ್ನು ನನ್ನ ಹತ್ತಿರ ಹೇಳುತ್ತಿದ್ದಳು. ‘ಲೇ ಸುಮಿ’ ಅಂತಲೇ ಕರೆಯುತ್ತಿದ್ದಳು. ಆ ‘ಲೇ’ ಇಲ್ಲದೆ ಅವಳ ಬಾಯಲ್ಲಿ ನನ್ನ ಹೆಸರು ಬಂದದ್ದೇ ಇಲ್ಲ.

ಅವ್ವನ ತಮ್ಮ, ನಮ್ಮ ಮಾವ, ಹೊಳಲ್ಕೆರೆಯಲ್ಲಿ ಯಾರದ್ದೋ ಟ್ರ್ಯಾಕ್ಸ್ ಓಡಿಸುತ್ತಿದ್ದ. ಹುಡುಗಿ ಪಾಸಾಗಿದ್ದಾಳೆ, ಎಲ್ಲರನ್ನೂ ಒಂದು ಸುತ್ತು ಸುತ್ತಿಸಿಕೊಂಡು ಬರುತ್ತೇನೆ ಅಂದ. ಚಿತ್ರದುರ್ಗದ ಕೋಟೆ, ಅಲ್ಲಿಂದ ಹಿರಿಯೂರು, ಹಿರಿಯೂರಿಂದ ಮಾರಿಕಣಿವೆ, ಆಮೇಲೆ ಹೊಸದುರ್ಗದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಹೋಳಿಗೆ ಊಟ, ಸಂಜೆಗೆ ಊರು. ಪ್ಲಾನು ಅಷ್ಟೇ.

ನನಗೆ ಕೋಟೆಯೂ ಬೇಕಿರಲಿಲ್ಲ, ಹೋಳಿಗೆಯೂ ಬೇಕಿರಲಿಲ್ಲ. ನನಗೆ ಬೇಕಿದ್ದದ್ದು ಮಾರಿಕಣಿವೆ. ಹಿಂದಿನ ವರ್ಷ ಶಾಲೆಯವರು ಅಲ್ಲಿಗೆ ಕರೆದುಕೊಂಡು ಹೋದಾಗ ನಾನು ದಡಾರ ಎದ್ದು ಬೇವಿನ ಸೊಪ್ಪಿನ ಮೇಲೆ ಮಲಗಿದ್ದೆ. ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವ ಗಂಗಿ ಹೋಗಿಬಂದು ತಿಂಗಳುಗಟ್ಟಲೆ ಕೊರೆದಳು. ಆಚೆ ದಡವೇ ಕಾಣದಷ್ಟು ನೀರಂತೆ, ದೋಣಿ ಹತ್ತಿದರೆ ಹೊಟ್ಟೆಯೊಳಗೆ ಜುಂ ಅನ್ನುತ್ತದಂತೆ. ಅವಳ ಬಾಯಿ ಮುಚ್ಚಿಸದಿದ್ದರೆ ನಾನು ಸತ್ತೇ ಹೋಗುತ್ತೇನೆ ಅನ್ನಿಸಿತ್ತು. ಒಂಬತ್ತು ವರ್ಷದ ಹೊಟ್ಟೆಕಿಚ್ಚು ದೊಡ್ಡವರದ್ದಕ್ಕಿಂತ ಏನೂ ಕಡಿಮೆ ಇರುವುದಿಲ್ಲ.

ಕೋಟೆಯಲ್ಲಿ ಬಾವಲಿ ವಾಸನೆಯ ಬಾಗಿಲು ದಾಟಿ, ಕಾದ ಬಂಡೆಯ ಮೇಲೆ ಕಾಲು ಸುಟ್ಟುಕೊಂಡು ಹತ್ತಿದೆವು. ಓಬವ್ವನ ಕಿಂಡಿಯಲ್ಲಿ ನಾನು ತೂರಿ ಹೊರಗೆ ಬಂದೆ. ಅಜ್ಜಿಯ ಕೈಯಲ್ಲಿದ್ದ ಮಂಡಕ್ಕಿಯನ್ನು ಮಂಗ ಕಿತ್ತುಕೊಂಡು ಹೋಯಿತು, ಅವಳ ಕೈಯಲ್ಲಿ ಬರೀ ಪೇಪರು ಉಳಿಯಿತು. ಆ ಪೇಪರನ್ನೂ ಬಿಸಾಡದೆ ಮಡಿಚಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡಳು. ರತ್ನಕ್ಕ ಸಿಕ್ಕಿದ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಮೇಲೆ ತುದಿಯಲ್ಲಿ ನನ್ನನ್ನು ಎತ್ತಿ ಬಂಡೆಯ ಮೇಲೆ ನಿಲ್ಲಿಸಿ ಕೆಳಗಿನ ಊರಿನತ್ತ ಬೆರಳು ತೋರಿಸಿದಳು.

“ಲೇ ಸುಮಿ, ಅಲ್ಲಿ ಹಂಚಿನ ಕಟ್ಟಡ ಕಾಣ್ತೈತಲ್ಲ, ಅದೇ ನನ್ನ ಕಾಲೇಜು. ನಾಳೆ ಈ ಹೊತ್ತಿಗೆ ನಾನು ಅಲ್ಲಿರ್ತೀನಿ.”

ನನಗೆ ನೂರು ಹಂಚಿನ ಕಟ್ಟಡ ಕಂಡವು. ಕಂಡಿತು ಅಂದೆ.

ಕೆಳಗಿಳಿದು ಮರದಡಿ ಕುಳಿತು ರೊಟ್ಟಿ, ಶೇಂಗಾ ಚಟ್ನಿ ತಿನ್ನುವಾಗ ಮಾವ ಬಾಯಿ ಬಿಟ್ಟ. ಹಿರಿಯೂರು ಆಚೆ ಹರಿಯಬ್ಬೆಯಲ್ಲಿ ಒಂದು ಮನೆ ಇದೆ, ನಮ್ಮ ಪೈಕಿಯವರೇ, ದೊಡ್ಡ ಮಂದೆ, ಶೇಂಗಾ ಹೊಲ, ಒಬ್ಬನೇ ಮಗ. ಇವತ್ತು ಹುಡುಗಿ ಕರೆದುಕೊಂಡು ಬರುತ್ತೇವೆ ಅಂತ ಹೇಳಿಬಿಟ್ಟಿದ್ದೇನೆ ಅಂದ. ಅವರಿಗೆ ಆಷಾಢ ಬರುವುದರೊಳಗೆ ಮದುವೆ ಆಗಬೇಕು, ಓದು ಗೀದು ಅಂತ ಎರಡು ವರ್ಷ ಕಾಯುವವರಲ್ಲ ಅಂತಲೂ ಹೇಳಿದ. ಆಗ ನಮಗೆ ಗೊತ್ತಾಯಿತು, ಟ್ರ್ಯಾಕ್ಸ್ ಯಾಕೆ ಪುಕ್ಕಟೆ ಬಂತು ಅಂತ. ರತ್ನಕ್ಕನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

ಅಪ್ಪ ಕೆಟ್ಟವನಲ್ಲ. ಅದನ್ನು ಈಗಲೂ ಹೇಳುತ್ತೇನೆ. ರುಮಾಲಿನೊಳಗಿನ ಕಾಗದವನ್ನು ಮುಟ್ಟಿ ಮುಟ್ಟಿ ನೋಡಿಕೊಂಡ. ಅವನಿಗೆ ಮಗಳು ಟೀಚರಾಗುವುದೂ ಬೇಕಿತ್ತು, ಅಂಥ ಮನೆ ಕೈತಪ್ಪುವುದೂ ಬೇಡವಾಗಿತ್ತು. ಕೊನೆಗೆ ಅಜ್ಜಿಯೇ ದಾರಿ ತೋರಿಸಿದಳು. ಮನೆದೇವರ ಗುಡಿ ಹಿರಿಯೂರು ದಾರಿಯಲ್ಲೇ ಇದೆ, ಹೂವು ಕೇಳೋಣ ಅಂದಳು.

ನಮ್ಮಲ್ಲಿ ಇತ್ಯರ್ಥ ಆಗದ್ದನ್ನು ಹಾಗೇ ತೀರಿಸುವುದು. ಒಂದು ಬಿಳಿ ಹೂವು, ಒಂದು ಕೆಂಪು ಹೂವು ಬೇರೆ ಬೇರೆ ಪೊಟ್ಟಣ ಕಟ್ಟಿ ದೇವರ ಮುಂದೆ ಇಡುತ್ತಾರೆ. ಏನೂ ಅರಿಯದ ಒಂದು ಮಗುವಿನ ಕೈಯಲ್ಲಿ ಎತ್ತಿಸುತ್ತಾರೆ. ಮಗುವಿನ ಕೈ ದೇವರ ಕೈ ಅಂತ ನಂಬಿಕೆ. ಅಲ್ಲಿದ್ದ ಮಗು ನಾನೇ.

ಗುಡಿಯ ಮುಂದೆ ಅಪ್ಪ ಎಲ್ಲರೂ ಕೇಳುವ ಹಾಗೆ ಹೇಳಿದ.

“ಬಿಳೇದು ಬಂದ್ರೆ ಹರಿಯಬ್ಬೆ. ಕೆಂಪು ಬಂದ್ರೆ ನಾಳೆ ಕಾಲೇಜು. ಆಮ್ಯಾಲೆ ಯಾರೂ ಉಸಿರೆತ್ತಂಗಿಲ್ಲ, ನಾನೂ ಎತ್ತಂಗಿಲ್ಲ.”

ಅಪ್ಪ ಆಡಿದ ಮಾತಿಗೆ ತಪ್ಪುವವನಲ್ಲ. ಅದು ರತ್ನಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಗುಡಿಯ ಹಿಂದಿನ ಗಿಡಗಳಿಂದ ಪೂಜಾರಿ ಎರಡು ಕಣಗಿಲೆ ಹೂವು ತಂದು ಅಜ್ಜಿಯ ಕೈಗೆ ಕೊಟ್ಟ. ಪೊಟ್ಟಣ ಕಟ್ಟುವುದು ಮನೆಯ ಹಿರಿಯರ ಕೆಲಸ. ಅಜ್ಜಿ ಚೀಲದಿಂದ ಆ ಮಂಡಕ್ಕಿ ಪೇಪರು ತೆಗೆದು ಎರಡು ತುಂಡು ಮಾಡಿದಳು. ಪೊರೆ ಬಂದ ಕಣ್ಣು, ನಡುಗುವ ಕೈ, ಪೊಟ್ಟಣ ಎರಡು ಸಲ ಬಿಚ್ಚಿಕೊಂಡಿತು. ನಂಗೆ ಆಗಲ್ಲ, ನೀನೇ ಮಡಿಚಿಕೊಡು ಅಂತ ರತ್ನಕ್ಕನ ಕೈಗೇ ಕೊಟ್ಟಳು. ಯಾರ ಬಾಳು ತಕ್ಕಡಿಯಲ್ಲಿತ್ತೋ ಅವಳ ಕೈಗೇ! ಅಪ್ಪ ಕಾಲು ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದ. ಅವ್ವ ಎಣ್ಣೆ ಬತ್ತಿ ನೋಡುತ್ತಿದ್ದಳು. ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ, ಯಾಕೆಂದರೆ ದೇವರಿಗೇ ಮೋಸ ಮಾಡುವವರು ನಮ್ಮ ಮನೆಯಲ್ಲಿ ಇರಲಿಲ್ಲ.

ಅಕ್ಕ ಪೊಟ್ಟಣ ಅಜ್ಜಿಗೆ ಕೊಟ್ಟು, ನನ್ನನ್ನು ಟ್ರ್ಯಾಕ್ಸಿನ ಹಿಂದಕ್ಕೆ ಕರೆದುಕೊಂಡು ಹೋದಳು. ಮುಖ ತೊಳೆಸುವ ನೆಪದಲ್ಲಿ ನನ್ನ ಕೆನ್ನೆ ಎರಡೂ ಕೈಯಲ್ಲಿ ಹಿಡಿದಳು.

“ಲೇ ಸುಮಿ, ಒಂದರ ಮೂಲೆ ಒಳಕ್ಕೆ ಮಡಿಚಿದೀನಿ. ಅದನ್ನೇ ತಗಾ. ಅದ್ರಾಗೆ ಕೆಂಪೈತೆ. ಯಾರಿಗೂ ಹೇಳ್ಬ್ಯಾಡ.”

ಆಯ್ತು ಅಂದೆ. ಆಣೆ ಇಡು ಅಂದಳು. ಅವಳ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಆ ಗಳಿಗೆಯಲ್ಲಿ ನಾನು ಹೇಳಿದ್ದು ನಿಜವೇ. ಅಷ್ಟಾದರೂ ನನ್ನ ಪರವಾಗಿ ಹೇಳಿಕೊಳ್ಳುತ್ತೇನೆ.

ಆಮೇಲೆ ನಲ್ಲಿಯ ಹತ್ತಿರ ಮಾವ ಸಿಕ್ಕಿದ. ಅವನಿಗೆ ಪೊಟ್ಟಣದ ಗುಟ್ಟು ಗೊತ್ತಿರಲಿಲ್ಲ. ನಾನೇ ಅವನ ಅಂಗಿ ಜಗ್ಗಿ, ಕಣಿವೆಗೆ ಯಾವಾಗ ಹೋಗುತ್ತೇವೆ ಅಂತ ಕೇಳಿದೆ. ಅವನು ಕೈ ಒದರುತ್ತ ಹೇಳಿದ.

“ಬಿಳೇದು ಬಂದ್ರೆ ಹಿಂಗೇ ಮುಂದಕ್ಕೆ, ಕಣಿವೆ, ದೋಣಿ ಎಲ್ಲಾ. ಕೆಂಪು ಬಂದ್ರೆ ಇಲ್ಲಿಂದ್ಲೇ ಗಾಡಿ ತಿರುಗಿಸ್ತೀನಿ. ಆ ಜನಕ್ಕೆ ಮಾತು ಕೊಟ್ಟು ಯಾವ ಮುಖ ಇಟ್ಕಂಡು ಹಿರಿಯೂರು ಮ್ಯಾಲೆ ಹೋಗ್ಲಿ?”

ಇಷ್ಟೇ ಅವನು ಅಂದದ್ದು. ಅಂದು ಬೀಡಿ ಹಚ್ಚಿಕೊಂಡ.

ಗುಡಿಯೊಳಗೆ ತಂಪಿತ್ತು, ಕೊಬ್ಬರಿ ಎಣ್ಣೆ ಮತ್ತು ವಿಭೂತಿಯ ವಾಸನೆ. ಪೂಜಾರಿ ತಟ್ಟೆಯಲ್ಲಿ ಎರಡು ಪೊಟ್ಟಣ ಕುಲುಕಿ ದೇವರ ಪಾದಕ್ಕೆ ಇಟ್ಟ. ಕಣ್ಮುಚ್ಚಿ ಕೈಮುಗಿದು ಎತ್ತಮ್ಮ ಅಂದ. ಎಲ್ಲರೂ ಕಣ್ಮುಚ್ಚಿದ್ದರು, ಅಕ್ಕನೂ ಮುಚ್ಚಿದ್ದಳು. ನಾನು ಮುಚ್ಚಲಿಲ್ಲ. ಮೂಲೆ ಮಡಿಚಿದ್ದು ಬಲಗಡೆ ಇತ್ತು, ಚೆನ್ನಾಗಿ ಕಾಣುತ್ತಿತ್ತು. ನಾನು ಎಡಗಡೆಯದನ್ನು ಎತ್ತಿದೆ.

ತಪ್ಪಿ ಎತ್ತಿದ್ದಲ್ಲ. ಗಾಬರಿಯಲ್ಲಿ ಎತ್ತಿದ್ದಲ್ಲ. ಮಗುವಿಗೇನು ತಿಳಿಯುತ್ತದೆ ಅಂತ ನೀವು ನನಗೆ ಸಮಾಧಾನ ಹೇಳಬೇಡಿ. ನನಗೆ ತಿಳಿದಿತ್ತು. ಅಕ್ಕನಿಗೆ ಕಾಲೇಜು ನಾಳೆಯಲ್ಲದಿದ್ದರೆ ನಾಡಿದ್ದು ಸಿಗುತ್ತದೆ, ನನಗೆ ದೋಣಿ ಇವತ್ತು ಬಿಟ್ಟರೆ ಇಲ್ಲ ಅಂತ ಲೆಕ್ಕ ಹಾಕಿಯೇ ಎತ್ತಿದೆ.

ಪೂಜಾರಿ ಪೊಟ್ಟಣ ಬಿಚ್ಚಿದ. ಬಿಳಿ ಕಣಗಿಲೆ. ಅಜ್ಜಿ ಕೆನ್ನೆ ಬಡಿದುಕೊಂಡಳು. ಅಪ್ಪ ರುಮಾಲಿನಿಂದ ಆ ಕಾಗದ ತೆಗೆದು ದೇವರ ಪಾದಕ್ಕೆ ಇಟ್ಟು, ತಿರುಗಿ ನೋಡದೆ ಹೊರಗೆ ಬಂದ. ಅಕ್ಕ ಇನ್ನೊಂದು ಪೊಟ್ಟಣವನ್ನು ಎತ್ತಿಕೊಂಡು ದಾವಣಿಯ ಸೆರಗಿಗೆ ಗಂಟು ಹಾಕಿಕೊಂಡಳು. ಅವಳ ಮುಖದಲ್ಲಿ ಅಳು ಇರಲಿಲ್ಲ. ನಾನು ಗಾಬರಿಯಲ್ಲಿ ಎಡವಿದೆ ಅಂದುಕೊಂಡಿದ್ದಳೋ ಏನೋ, ನನ್ನ ಬೆನ್ನ ಮೇಲೆ ಕೈಯಿಟ್ಟೇ ಹೊರಗೆ ಕರೆತಂದಳು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ಟ್ರ್ಯಾಕ್ಸ್ ಹತ್ತಿದ್ದೇ ತಡ, ನಾನು ಕೇಳಿದೆ.

“ಮಾವ, ಬಿಳೇದು ಬಂತಲ್ಲ, ಈಗ ದೋಣಿಗೆ ಹೋಗಾಣ ಅಲ್ವಾ?”

“ಹೋಗಾಣ ಹೋಗಾಣ,” ಅಂತ ಮಾವ ನಗುತ್ತ ಗೇರು ಹಾಕಿದ. “ಹೇಳಿರ್ಲಿಲ್ವಾ ನಾನು?”

ಅಕ್ಕ ನನ್ನ ಬೆನ್ನ ಮೇಲಿನ ಕೈ ತೆಗೆದಳು. ತಿರುಗಿ ನನ್ನನ್ನೇ ನೋಡಿದಳು. ಬೈದಿದ್ದರೆ, ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಹಾಗೆ ನೋಡಿ ಕಿಟಕಿಯ ಕಡೆ ತಿರುಗಿಕೊಂಡಳು.

ಹರಿಯಬ್ಬೆಯಲ್ಲಿ ಆಂಧ್ರ ಹತ್ತಿರವಾದ್ದರಿಂದ ತೆಲುಗು ಬೆರೆಸಿದ ಕನ್ನಡ, ಉಪ್ಪಿಟ್ಟು, ಕೇಸರಿಬಾತು. ಗಂಡಸರು ಕುರಿಯ ತಳಿ ಮಾತಾಡುತ್ತ ಕುಳಿತವರು ಏಳಲೇ ಇಲ್ಲ. ಹುಡುಗನ ತಾಯಿ ಓದಿದ್ದು ಎಷ್ಟು ಅಂತ ಕೇಳಿದಾಗ ಅಪ್ಪನೇ ಉತ್ತರ ಕೊಟ್ಟ, ಓದಿದ್ದು ಸಾಕು ಅಂತ. ಬಿಸಿಲು ಇಳಿಯುತ್ತ ಬಂದ ಹಾಗೆ ನಾನು ಮಾವನ ಹಿಂದೆ ಬಿದ್ದೆ. ಅಲ್ಲಿ ತಿಳಿಯಿತು, ಹರಿಯಬ್ಬೆ ಹಿರಿಯೂರಿಗೆ ಮೂಡಲ ದಿಕ್ಕು, ಕಣಿವೆ ಪಡುವಲ ದಿಕ್ಕು. ಇನ್ನು ಅಲ್ಲಿಗೆ ಹೋದರೆ ಕತ್ತಲಾಗುತ್ತದೆ, ಇನ್ನೊಂದು ಸಲ ಅಂದ. ಹೊಸದುರ್ಗವೂ ಇಲ್ಲ, ಚಿಕ್ಕಮ್ಮನ ಹೋಳಿಗೆ ಅಲ್ಲೇ ಆರಿತು. ಬಂದ ದಾರಿಯಲ್ಲೇ ವಾಪಸ್ಸು.

ನಾನು ದೋಣಿಗಾಗಿ ಬಿಕ್ಕಿ ಬಿಕ್ಕಿ ಅತ್ತೆ. ನಾಚಿಕೆಗೆಟ್ಟವಳು ನಾನು, ಅಕ್ಕನ ಪಕ್ಕದಲ್ಲೇ ಕುಳಿತು ದೋಣಿಗಾಗಿ ಅತ್ತೆ. ಅವ್ವ ತಲೆಗೆ ಒಂದು ಮೊಟಕಿದಳು. ಅಕ್ಕ ಮಾತ್ರ ಮೆತ್ತಗೆ, ಯಾರದ್ದೋ ಮನೆಯ ಮಗುವಿಗೆ ಹೇಳುವ ಹಾಗೆ ಹೇಳಿದಳು: “ಅಳ್ಬ್ಯಾಡಮ್ಮ.”

ಆಷಾಢಕ್ಕೆ ಮುಂಚೆ ಮದುವೆ ಆಯಿತು. ಭಾವ ಒಳ್ಳೆಯ ಮನುಷ್ಯ. ಕುಡಿಯುವವನಲ್ಲ, ಹೊಡೆಯುವವನಲ್ಲ. ಅವನ ಮೇಲೆ ತಪ್ಪು ಹೊರಿಸಿ ನಾನು ಹಗುರಾಗುವ ಹಾಗೂ ಇಲ್ಲ. ಅಕ್ಕ ಶೇಂಗಾ ಬಿಡಿಸಿದಳು, ಕುರಿಗೆ ಸೊಪ್ಪು ಹಾಕಿದಳು, ಸಂಜೆ ಹೊತ್ತು ಜಗಲಿಯ ಮೇಲೆ ಅಕ್ಕಪಕ್ಕದ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟಳು. ಅಪ್ಪನಿಗೆ ಒಳಗೊಳಗೇ ಕೊರೆಯಿತೇನೋ, ಇವಳ ಓದಿಗೆ ಯಾವ ದೇವರನ್ನೂ ಕೇಳುವುದಿಲ್ಲ ಅಂತ ಹೇಳಿ ನನ್ನನ್ನು ಓದಿಸಿದ. ಅದೇ ಚಿತ್ರದುರ್ಗದಲ್ಲಿ, ಅದೇ ಟೀಚರ್ ಓದು. ಕೋಟೆಯ ಮೇಲಿಂದ ಅಕ್ಕ ತೋರಿಸಿದ್ದು ಯಾವ ಹಂಚಿನ ಕಟ್ಟಡ ಅಂತ ಆಗ ನೋಡಿದೆ. ಈಗ ಹೊಳಲ್ಕೆರೆಯಲ್ಲಿ ಪಾಠ ಮಾಡುತ್ತೇನೆ. ಕೈಗೆ ವಾಚು ಕಟ್ಟುತ್ತೇನೆ. ಮಕ್ಕಳು ಟೀಚರ್ ಅಂತ ಕೂಗಿದಾಗಲೆಲ್ಲ ಬೇರೆ ಯಾರನ್ನೋ ಕರೆದ ಹಾಗೆ ಆಗುತ್ತದೆ.

ಹರಿಯಬ್ಬೆಗೆ ಹೋದರೆ ಅಕ್ಕ ಒಳ್ಳೆಯ ಮಣೆ ಹಾಕುತ್ತಾಳೆ. ಬಾರಮ್ಮ ಅನ್ನುತ್ತಾಳೆ, ಕುಂತ್ಕಳಮ್ಮ ಅನ್ನುತ್ತಾಳೆ, ಇನ್ನೊಂದು ಮುದ್ದೆ ಹಾಕಿಸಿಕೋ ಅನ್ನುತ್ತಾಳೆ. ನೆಂಟರಿಗೆ ಮಾಡುವ ಉಪಚಾರದಲ್ಲಿ ಒಂದು ಕೂದಲೆಳೆ ಕೊರತೆ ಇಲ್ಲ. ಅವಳಿಗೆ ಏನು ನೋವು, ಏನು ಆಸೆ ಅಂತ ಮಾತ್ರ ನನ್ನ ಹತ್ತಿರ ಒಂದು ಮಾತು ಆಡಿಲ್ಲ. ಅವತ್ತಿನಿಂದ ಇವತ್ತಿನವರೆಗೆ ‘ಲೇ’ ಅಂದಿಲ್ಲ.

ಈಗ ರಸ್ತೆಗಳು ಅಗಲವಾಗಿವೆ. ನಾವು ಅವತ್ತು ಪ್ಲಾನು ಹಾಕಿದ್ದನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ಸುತ್ತಿ ಬರಬಹುದು. ಕೆಲವು ವರ್ಷದ ಹಿಂದೆ ಮಾರಿಕಣಿವೆ ತುಂಬಿ ಕೋಡಿ ಬಿತ್ತು. ಹುಟ್ಟಿದಾಗಿನಿಂದ ಯಾರೂ ಕಾಣದ ನೀರು ಅಂತ ಜಿಲ್ಲೆಗೆ ಜಿಲ್ಲೆಯೇ ಹೊರಟಿತು. ನಾನು ಧೈರ್ಯ ಮಾಡಿ ಅಕ್ಕನಿಗೆ ಫೋನು ಮಾಡಿದೆ. ಕಾರು ತರುತ್ತೇನೆ, ಇಬ್ಬರೇ ಹೋಗೋಣ ಅಂದೆ. ಅಲ್ಲಿ ನೀರಿನ ಮುಂದೆ ನಿಂತು, ಅವತ್ತು ನಾನು ಬೇಕಂತಲೇ ಎತ್ತಿದೆ ಅಂತ ಹೇಳಿಬಿಡಬೇಕು ಅಂತ ಇತ್ತು. ಆಚೆಯಿಂದ ಕುರಿ ಅರಚುವುದು ಕೇಳುತ್ತಿತ್ತು.

“ನೀನು ಹೋಗಿ ನೋಡ್ಕಂಡು ಬಾರಮ್ಮ,” ಅಂದಳು. “ಅದು ನಿಂಗೆ ಬೇಕು ಅಂತ ನಾನು ಅವತ್ತೇ ಬಿಟ್ಕೊಟ್ಟಿದೀನಿ.”

ಹೊಲದಲ್ಲಿ ಆಳುಗಳಿದ್ದಾರೆ, ಇಡುತ್ತೇನೆ ಅಂದಳು, ಇಟ್ಟಳು. ನಾನು ಹೋಗಲಿಲ್ಲ. ಮಾರಿಕಣಿವೆಯನ್ನು ನಾನು ಇವತ್ತಿಗೂ ನೋಡಿಲ್ಲ.