ಕ್ಯಾಮೆರಾಕ್ಕೆ ಕಟ್ಟಿದ ಬಿಸಿನೀರಿನ ಚೀಲ

ಮೂರ್ನಾಡಿನ ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಕಣ ಕಾಯುತ್ತಿದ್ದೆ. ಅಲ್ಲಿ ಇಂಜಿನಿಯರ್ ಹುಡುಗಿಯೊಬ್ಬಳು ಕ್ಯಾಮೆರಾ ಇಟ್ಟಿದ್ದಳು. ಭೂಮಿ ಸುತ್ತುವ ಹಳೇ ರಾಕೆಟ್ ಚೂರೊಂದನ್ನು ಅದು ಹಿಡಿಯಬೇಕಿತ್ತು. ಹಿಂದಿನ ಮೂರು ಸಂಜೆಯೂ ಇಬ್ಬನಿ ಕೂತು ಲೆನ್ಸ್ ಮಸುಕಾಗಿತ್ತು. ಅಂದು ಅವಳಿಗೆ ಕೊನೆಯ ಅವಕಾಶ. ನನ್ನ ಮಂಡಿಯ ಮೇಲಿದ್ದ ಬಿಸಿನೀರಿನ ಚೀಲ ತೆಗೆದು ಲೆನ್ಸಿನ ಸುತ್ತ ಕಟ್ಟಿದೆ.

“ಅಜ್ಜಿ, ನಿಮ್ಮ ಮಂಡಿ?”

“ಇಷ್ಟು ವರ್ಷ ನೊಂದದ್ದು ಇನ್ನೊಂದು ತಾಸು ನೋಯಲಿ ಬಿಡು.”

ಸ್ವಲ್ಪ ಹೊತ್ತಿಗೆ ಕ್ಯಾಮೆರಾದ ಪರದೆಯ ಮೇಲೆ ಆ ಚೂರು ಹಾದುಹೋದ ತೆಳ್ಳನೆಯ ಬಿಳಿ ಗೆರೆ ಮೂಡಿತು. ಹುಡುಗಿ ನನ್ನನ್ನು ತಬ್ಬಿಕೊಂಡು ಕುಣಿದಳು.

“ಇನ್ನು ಅದನ್ನ ಹೆಕ್ಕೋರು ಯಾರು?” ಎಂದೆ.

“ಯಾರೂ ಇಲ್ಲ ಅಜ್ಜಿ. ಎಲ್ಲಿದೆ ಅಂತ ನೋಡ್ತಿರ್ತೀವಿ, ಅಷ್ಟೆ.”

ನಾನು ರಾಯಚೂರಿಂದ ಇಲ್ಲಿಗೆ ಕೂಲಿಗೆ ಬಂದ ಮೊದಲ ದಿನ, ನೆಲಕ್ಕೆ ಉದುರಿದ ಕಾಫಿ ಹಣ್ಣನ್ನೆಲ್ಲ ಹೆಕ್ಕುವ ತನಕ ಆಳುಗಳ ಲೆಕ್ಕ ಬರೆಯುವ ತೋಟದ ರೈಟರ್ ನನ್ನನ್ನು ಮನೆಗೆ ಬಿಟ್ಟಿರಲಿಲ್ಲ. ಅಂಥ ರೈಟರ್ ಯಾರೂ ಇನ್ನೂ ಆಕಾಶಕ್ಕೆ ಹೋಗಿಲ್ಲವೆಂದು ಕಾಣುತ್ತದೆ.