ಲಾಭ ಆದಮೇಲೆ ಎರಡು

ಗುಬ್ಬಿಯ ಒಂದು ಖಾಸಗಿ ಶಾಲೆಯಲ್ಲಿ ನಾನು ಹದಿನೆಂಟು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಜೊತೆಗೆ ಕಂಪ್ಯೂಟರ್ ಪಾಠವೂ ನನ್ನ ತಲೆಗೇ ಬಂದಿತ್ತು. ಅದೇನೂ ಭಾರವಾಗಿರಲಿಲ್ಲ. ಮಕ್ಕಳಿಗೆ ಮೌಸ್ ಹಿಡಿಯುವುದನ್ನು ತೋರಿಸುವುದು, ಮನೆ, ಮರ, ಸೂರ್ಯನ ಚಿತ್ರ ಬಿಡಿಸಿ ಬಣ್ಣ ತುಂಬಿಸುವುದು, ರಜೆ ಅರ್ಜಿ ಟೈಪ್ ಮಾಡಿಸುವುದು. ಇಷ್ಟರಲ್ಲೇ ವರ್ಷಗಳು ಸಾಗಿದ್ದವು.

ಒಂದು ದಿನ ನಮ್ಮ ಹೆಡ್‌ಮಿಸ್ಟ್ರೆಸ್ ಕರೆದು ಕೇಳಿದರು. "ಮುಂದಿನ ವರ್ಷದಿಂದ ಎಂಟನೇ ಕ್ಲಾಸಿಗೆ ಪೈಥಾನ್ ಇದೆ ಮೇಡಂ. ನಿಮಗೆ ಬರುತ್ತಾ?"

"ಬರುತ್ತೆ" ಎಂದೆ. ಬರುತ್ತಿರಲಿಲ್ಲ. ಪೈಥಾನ್ ಎಂದರೆ ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ ಎನ್ನುವಷ್ಟು ಮಾತ್ರ ಗೊತ್ತಿತ್ತು. ಗೊತ್ತಿಲ್ಲ ಎನ್ನುವ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ.

"ಹಂಗಾದ್ರೆ ಮುಂದಿನ ತಿಂಗಳು ಒಂದು ಪಾಠ ಮಾಡಿ ತೋರಿಸಿ. ನಾನೂ ಬಂದು ಹಿಂದೆ ಕೂರ್ತೀನಿ. ಕುಣಿಗಲ್‌ನಿಂದ ಒಬ್ಬರು ಅರ್ಜಿ ಹಾಕಿದಾರೆ. ಅವರು ಗಣಿತನೂ ಹೇಳ್ಕೊಡ್ತಾರಂತೆ" ಎಂದರು. ಉಳಿದದ್ದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಪಾಠ ಕೆಟ್ಟರೆ ಕುಣಿಗಲ್‌ನವರು ಬರುತ್ತಾರೆ, ನಾನು ಮನೆಗೆ ಹೋಗುತ್ತೇನೆ. ನಲವತ್ತಾರನೇ ವಯಸ್ಸಿಗೆ ಬೇರೆ ಶಾಲೆ ಹುಡುಕುವುದು ಹುಡುಗಾಟವಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕ್ಯಾತ್ಸಂದ್ರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದಳು. ಅವಳಿಗೆ ಫೋನ್ ಮಾಡಿದೆ. ಭಾನುವಾರ ಬನ್ನಿ ಮಿಸ್ ಎಂದಳು. ಗುಬ್ಬಿಯಿಂದ ತುಮಕೂರಿಗೆ ಒಂದು ಬಸ್ಸು, ಅಲ್ಲಿಂದ ಕ್ಯಾತ್ಸಂದ್ರಕ್ಕೆ ಇನ್ನೊಂದು. ಇಳಿದು ಎರಡು ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಅವಳ ರೂಮಿಗೆ ಹೋದೆ. ಬರಿಗೈಯಲ್ಲಿ ಹೋದರೆ ಗುರುವಿನ ಮನೆಗೆ ಹೋದಂತಾಗುವುದಿಲ್ಲವಲ್ಲ. ಅವಳು ಇಡ್ಲಿ ಪೊಟ್ಟಣ ನೋಡಿ ನಕ್ಕು, ಇದ್ದ ಒಂದೇ ಕುರ್ಚಿಯನ್ನು ನನಗೆ ಕೊಟ್ಟು ತಾನು ಮಂಚದ ತುದಿಯಲ್ಲಿ ಕುಳಿತಳು.

ಮೊದಲ ಸಾಲು ಪ್ರಿಂಟ್, ಕೊಟ್ಟದ್ದನ್ನು ಪರದೆಯ ಮೇಲೆ ತೋರಿಸು ಎನ್ನುವ ಆಜ್ಞೆ. ಆವರಣದೊಳಗೆ ಉದ್ಧರಣ ಚಿಹ್ನೆ, ಅದರೊಳಗೆ ನನ್ನ ಊರಿನ ಹೆಸರು. ಒತ್ತಿದೆ. ಊರಿನ ಹೆಸರಿನ ಬದಲು ಕೆಂಪಕ್ಷರದಲ್ಲಿ ಏನೇನೋ ಬಂತು. ಕೊನೆಯ ಚಿಹ್ನೆ ಬಿಟ್ಟಿದ್ದೆ. ಹಾಕಿದೆ, ಸರಿಯಾಯಿತು. ಆಮೇಲೆ 'ಹೀಗಿದ್ದರೆ ಹೀಗೆ ಮಾಡು' ಎನ್ನುವ ಇಫ್ ಬಂತು. ಅದರ ಕೆಳಗಿನ ಸಾಲು ನಾಲ್ಕು ಜಾಗ ಒಳಗೆ ಸರಿದಿರಬೇಕಂತೆ, ಇಲ್ಲದಿದ್ದರೆ ಮತ್ತೆ ಕೆಂಪು. ನಾನು ಮೂರು ಜಾಗ ಬಿಟ್ಟು ಒಂದು ಸಾಲು, ನಾಲ್ಕು ಬಿಟ್ಟು ಇನ್ನೊಂದು ಸಾಲು ಬರೆದೆ. ಅದಕ್ಕೂ ತಕರಾರು. ಹದಿನೆಂಟು ವರ್ಷ ಬೇರೆಯವರ ಪುಸ್ತಕದ ಮೇಲೆ ಕೆಂಪು ಶಾಯಿ ಹರಿಸಿದವಳಿಗೆ ಅದು ತನ್ನ ಮೇಲೆ ಬಿದ್ದಾಗ ಎಷ್ಟು ಉರಿಯುತ್ತದೆಂದು ಆ ದಿನ ತಿಳಿಯಿತು.

ಎರಡನೇ ಭಾನುವಾರ ಲಿಸ್ಟ್ ಬಂತು. ಐದು ತರಕಾರಿಗಳ ಹೆಸರನ್ನು ಸಾಲಾಗಿ ಬರೆದೆ. ಬದನೆ, ಹುರುಳಿ, ಟೊಮೆಟೊ, ಮೂಲಂಗಿ, ನುಗ್ಗೆ. ಐದನೆಯದನ್ನು ತೋರಿಸು ಎಂದು ಐದು ಎಂದು ಕೊಟ್ಟೆ. ಅಂಥದ್ದು ಇಲ್ಲವೇ ಇಲ್ಲ ಎಂದಿತು. ಒಂದು ಎಂದು ಕೊಟ್ಟೆ. ಹುರುಳಿ ಬಂತು.

"ಇದು ಕೆಟ್ಟಿದೆ ಕಣೇ" ಎಂದೆ.

"ಇಲ್ಲ ಮಿಸ್, ಅದು ಸೊನ್ನೆಯಿಂದ ಶುರು ಮಾಡುತ್ತೆ. ಬದನೆ ಸೊನ್ನೆ, ಹುರುಳಿ ಒಂದು."

"ಯಾವ ಹಾಜರಿ ಪುಸ್ತಕದಲ್ಲಿ ಸೊನ್ನೆ ನಂಬರಿನ ಮಗು ಇರುತ್ತೆ? ತಪ್ಪು ಅಂದ್ರೆ ತಪ್ಪೇ." ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನನ್ನದೂ ಅದೇ ಕಥೆ.

ಅವಳು ನಗುತ್ತಾ ಕೇಳಿದಳು. "ಕಂಪ್ಯೂಟರಿಗೂ ನೂರು ಸಲ ಬರೆಯೋಕೆ ಹೇಳ್ತೀರಾ ಮಿಸ್? ನನಗೆ ಹೇಳಿದ್ರಲ್ಲ, ಏಳನೇ ಕ್ಲಾಸಲ್ಲಿ."

ಯಾವಾಗ ಎಂದೆ. ಅವಳು ಹೇಳಿದಳು. ನಾನು ಬೋರ್ಡಿನ ಮೇಲೆ ಮಾಡಿದ ಭಿನ್ನರಾಶಿ ಲೆಕ್ಕದಲ್ಲಿ ತಪ್ಪಿತ್ತಂತೆ. ಇವಳು ಎದ್ದು ನಿಂತು ಹೇಳಿದಳಂತೆ. ಮಕ್ಕಳೆಲ್ಲ ಕಿಸಕ್ಕನೆ ನಕ್ಕರಂತೆ. 'ನಾನು ತರಗತಿಯಲ್ಲಿ ಎದುರು ಮಾತಾಡುವುದಿಲ್ಲ' ಎಂದು ನೂರು ಸಲ ಬರೆದು, ಅಪ್ಪನ ಸಹಿ ಹಾಕಿಸಿಕೊಂಡು ಬಾ ಎಂದೆನಂತೆ. "ಲೆಕ್ಕ ತಪ್ಪೇ ಇತ್ತು ಮಿಸ್. ಮಾರನೇ ದಿನ ನೀವೇ ಸರಿ ಮಾಡಿದ್ರಿ, ಏನೂ ಹೇಳದೆ."

ಅವಳ ದನಿಯಲ್ಲಿ ಮುನಿಸಿರಲಿಲ್ಲ. ನಿನ್ನೆ ತಿಂದ ಊಟದ ಬಗ್ಗೆ ಹೇಳುವ ಹಾಗೆ ಹೇಳಿದಳು. ನನಗೆ ಅದು ಒಂದಿಷ್ಟೂ ನೆನಪಿರಲಿಲ್ಲ, ಅದೇ ಚುಚ್ಚಿತು. ನೆನಪಿಲ್ಲವೆಂದು ಹೇಳಲೂ ನಾಚಿಕೆಯಾಗಿ, ಮುಂದಿನದು ಹೇಳಿಕೊಡು ಎಂದೆ. ಅವಳು ಫಾರ್ ಲೂಪ್ ಹೇಳಿಕೊಟ್ಟಳು. ಒಂದೇ ಮಾತನ್ನು ನೂರು ಸಲ ಬರೆಯಲು ಎರಡು ಸಾಲು ಸಾಕು. ಆ ಉದಾಹರಣೆಯನ್ನು ಬೇಕೆಂದೇ ಆರಿಸಿದಳೋ ಇಲ್ಲವೋ ತಿಳಿಯದು.

ಸೊನ್ನೆಯ ವಿಷಯ ಮಾತ್ರ ನನಗೆ ಒಗ್ಗಲಿಲ್ಲ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಅದೇ ಯೋಚನೆ. ಪಾಠಕ್ಕೆ ನಾಲ್ಕು ದಿನ ಇದ್ದಾಗ ನಮ್ಮತ್ತೆ ತಮ್ಮ ಮಗಳ ಮನೆಗೆ ಕಳಿಸಲು ನಡುಮನೆಯಲ್ಲಿ ರಾಗಿ ಅಳೆಯುತ್ತಿದ್ದರು. ಮೊದಲ ಸೇರನ್ನು ಚೀಲಕ್ಕೆ ಸುರಿದು "ಲಾಭ" ಎಂದರು. ಆಮೇಲೆ ಎರಡು, ಮೂರು, ನಾಲ್ಕು. ನಮ್ಮ ಕಡೆ ಧಾನ್ಯ ಅಳೆಯುವಾಗ ಮೊದಲ ಅಳತೆಯನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಹತ್ತಾದ ಮೇಲೆ ಅತ್ತೆ ಇನ್ನೊಂದು ಬೊಗಸೆ ಹಾಕಿ "ಇದು ಕೊಸರು" ಎಂದರು. ಕೊಡುವಾಗ ಲೆಕ್ಕಕ್ಕೆ ಸರಿಯಾಗಿ ಕೊಟ್ಟು ಕೈ ಕೊಡವಿಕೊಳ್ಳಬಾರದು, ಮೇಲೊಂದಿಷ್ಟು ಇರಬೇಕು ಎನ್ನುವುದು ಅವರ ಕ್ರಮ.

ನನಗೆ ಹಿಗ್ಗೋ ಹಿಗ್ಗು. ಮೊದಲನೆಯದಕ್ಕೆ ಒಂದು ಎನ್ನದಿರುವುದು ನಮ್ಮ ಮನೆಯಲ್ಲೇ ಇದೆಯಲ್ಲ. ನಾವು ಲಾಭ ಎನ್ನುತ್ತೇವೆ, ಪೈಥಾನ್ ಸೊನ್ನೆ ಎನ್ನುತ್ತದೆ.

"ಏನವ್ವಾ, ರಾಗಿ ನೋಡ್ಕಂಡು ನಗ್ತಾ ಇದೀಯ" ಎಂದರು ಅತ್ತೆ.

"ಏನಿಲ್ಲ ಅತ್ತೆ, ಪಾಠ ಸಿಕ್ತು" ಎಂದೆ. ಕ್ಯಾತ್ಸಂದ್ರದವಳಿಗೆ ಫೋನ್ ಮಾಡಿ ಸರಿಯೇ ಎಂದು ಕೇಳಬಹುದಿತ್ತು. ಕೇಳಲಿಲ್ಲ. ನಾನು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು.

ಪಾಠದ ದಿನ ಹೆಡ್‌ಮಿಸ್ಟ್ರೆಸ್ ಹಿಂದಿನ ಬೆಂಚಿನಲ್ಲಿ ಫೈಲ್ ಹಿಡಿದು ಕುಳಿತರು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಅದೇ ಐದು ತರಕಾರಿ ಬರೆದೆ. ಒಂದು ಎಂದು ಕೊಟ್ಟೆ, ಹುರುಳಿ ಬಂತು. ಮಕ್ಕಳು ಬದನೆ, ಬದನೆ ಎಂದು ಕೂಗಿದರು. ಆಗ ನಾನು ರಾಗಿ ಕಥೆ ಹೇಳಿದೆ. ಬಹಳ ಚೆನ್ನಾಗಿ ಹೇಳಿದೆ. ಮಕ್ಕಳು ನಕ್ಕರು, ಹಿಂದೆ ಹೆಡ್‌ಮಿಸ್ಟ್ರೆಸ್ ಕೂಡ ತಲೆಯಾಡಿಸಿದರು. ಗೆದ್ದೆ ಅಂದುಕೊಂಡೆ.

ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ನಮ್ಮಜ್ಜಿನೂ ಲಾಭ ಅಂತಾರೆ. ಆದ್ರೆ ಲಾಭ ಆದ್ಮೇಲೆ ಎರಡು ಅಂತಾರೆ. ಇಲ್ಲಿ ಸೊನ್ನೆ ಆದ್ಮೇಲೆ ಒಂದು ಬಂತಲ್ಲ? ಅಜ್ಜಿ ಲಾಭ ಅನ್ನೋದು ಒಂದಕ್ಕೇ ಅಲ್ವಾ ಮಿಸ್?"

ಯಾರೋ ಕಿಸಕ್ಕನೆ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಅತ್ತೆಯ ಲಾಭ ಒಂದರ ಇನ್ನೊಂದು ಹೆಸರು ಅಷ್ಟೆ. ಹತ್ತು ಸೇರು ಅಳೆದರೆ ಹತ್ತೇ ಆಗುತ್ತದೆ. ಪೈಥಾನ್‌ನಲ್ಲಿ ಐದು ತರಕಾರಿ ಇದ್ದರೆ ಕೊನೆಯದರ ಅಂಕಿ ನಾಲ್ಕು. ಎರಡೂ ಬೇರೆ. ಹದಿನೆಂಟು ವರ್ಷ ಗಣಿತ ಹೇಳಿದವಳಿಗೆ ಹೊಳೆಯದ್ದು ಆ ಮಗುವಿಗೆ ಹೊಳೆದಿತ್ತು. 'ಕೂತ್ಕೋ, ಎದುರು ಮಾತಾಡಬೇಡ' ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆಗ ಕ್ಯಾತ್ಸಂದ್ರದ ರೂಮಿನಲ್ಲಿ ಮಂಚದ ತುದಿಗೆ ಕುಳಿತವಳು ನೆನಪಾದಳು.

"ನೀನು ಹೇಳಿದ್ದು ಸರಿ. ನಾನು ಕೊಟ್ಟ ಉದಾಹರಣೆ ತಪ್ಪು" ಎಂದೆ.

ಹೆಡ್‌ಮಿಸ್ಟ್ರೆಸ್ ಪೆನ್ನು ತೆಗೆದು ಏನೋ ಬರೆದುಕೊಂಡರು. ಕುಣಿಗಲ್‌ನವರು ಬಂದಾಯಿತು ಅಂದುಕೊಂಡೆ.

"ಹಂಗಾದ್ರೆ ಸೊನ್ನೆ ಅಂದ್ರೇನು ಮಿಸ್?" ಎಂದಳು ಅದೇ ಹುಡುಗಿ.

"ನನಗೂ ಈಗ ಹೊಳೀತಿಲ್ಲ. ನೀವು ಐದು ಜನ ಮುಂದೆ ಬನ್ನಿ, ನೋಡೋಣ." ಐದು ಮಕ್ಕಳನ್ನು ಒಬ್ಬರ ಹಿಂದೊಬ್ಬರು ನಿಲ್ಲಿಸಿ ಒಬ್ಬೊಬ್ಬರಿಗೆ ಒಂದೊಂದು ತರಕಾರಿಯ ಹೆಸರು ಕೊಟ್ಟೆ. ಪೈಥಾನ್ ಕೊಡುವ ಅಂಕಿಯನ್ನೇ ಅವರಿಗೆ ಹೇಳುತ್ತಾ ಹೋದೆ. ಬದನೆ ಸೊನ್ನೆ, ಹುರುಳಿ ಒಂದು, ಟೊಮೆಟೊ ಎರಡು. ಮೂರನೇ ಬೆಂಚಿನವಳು ಅವರನ್ನೇ ನೋಡುತ್ತಿದ್ದಳು.

"ಗೊತ್ತಾಯ್ತು ಮಿಸ್. ಡೇರಿಲಿ ಹಾಲು ಹಾಕಕ್ಕೆ ಸಾಲಾಗಿ ಕ್ಯಾನ್ ಇಟ್ಟಂಗೆ. ಆ ನಂಬರು ಅಂದ್ರೆ ನಮ್ಮ ಕ್ಯಾನಿನ ಮುಂದೆ ಎಷ್ಟು ಕ್ಯಾನ್ ಅವೆ ಅಂತ. ಬದನೆ ಮುಂದೆ ಯಾರೂ ಇಲ್ಲ."

ಅದಕ್ಕಿಂತ ಸರಿಯಾಗಿ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ.

ಸಂಜೆ ಹೆಡ್‌ಮಿಸ್ಟ್ರೆಸ್ ಕರೆದರು. "ಮಕ್ಕಳ ಮುಂದೆ ತಪ್ಪು ಒಪ್ಕೊಂಡ್ಬಿಟ್ರಲ್ಲ ಮೇಡಂ" ಎಂದರು.

"ಪರದೆ ಮೇಲೆ ಕಾಣ್ತಿತ್ತಲ್ಲ ಮೇಡಂ. ಎಲ್ಲಿ ಬಚ್ಚಿಡ್ಲಿ" ಎಂದೆ. ಅವರು ಫೈಲ್ ಮುಚ್ಚಿದರು. "ಒಂದು ಪಾಠದಲ್ಲಿ ಅಷ್ಟು ಮಕ್ಕಳು ಬಾಯಿ ಬಿಟ್ಟಿದ್ದನ್ನ ನಾನು ನೋಡಿಲ್ಲ. ಎಂಟನೇ ಕ್ಲಾಸು ನೀವೇ ಇಟ್ಕೊಳ್ಳಿ. ಕುಣಿಗಲ್‌ನವರಿಗೆ ನಾನು ಹೇಳ್ತೀನಿ" ಎಂದರು.

ಭಾನುವಾರ ಮತ್ತೆ ಕ್ಯಾತ್ಸಂದ್ರಕ್ಕೆ ಹೋದೆ. ತಟ್ಟೆ ಇಡ್ಲಿ ಪೊಟ್ಟಣದ ಜೊತೆ ಒಂದು ನೋಟ್‌ಪುಸ್ತಕವನ್ನೂ ಅವಳ ಕೈಗೆ ಕೊಟ್ಟೆ. ಅವಳು ತೆರೆದಳು. 'ನೀನು ಹೇಳಿದ ಲೆಕ್ಕವೇ ಸರಿಯಾಗಿತ್ತು' ಎಂಬ ಒಂದೇ ಸಾಲು, ಪುಟದ ಮೇಲೆ ಪುಟ, ನನ್ನ ಅಕ್ಷರದಲ್ಲಿ. ಶನಿವಾರ ಮಧ್ಯಾಹ್ನವೆಲ್ಲಾ ಕುಳಿತು ಬರೆದಿದ್ದೆ. ಬೆರಳು ಇನ್ನೂ ನೋಯುತ್ತಿತ್ತು. ಏಳನೇ ಕ್ಲಾಸಿನ ಬೆರಳಿಗೆ ಇನ್ನೆಷ್ಟು ನೋವಾಗಿರಬೇಕು.

ಅವಳು ನಾಲ್ಕೈದು ಪುಟ ತಿರುವಿದಳು. "ಫಾರ್ ಲೂಪ್ ಹೇಳ್ಕೊಟ್ಟಿದ್ನಲ್ಲ ಮಿಸ್. ಎರಡು ಸಾಲು ಸಾಕಿತ್ತು."

"ಗೊತ್ತು ಕಣೇ. ಅದಕ್ಕೇ ಕೈಯಲ್ಲಿ ಬರೆದೆ."

ಅವಳು ಬೆರಳಿಟ್ಟು ಸಾಲುಗಳನ್ನು ಎಣಿಸತೊಡಗಿದಳು. ನಾನು ಇಡ್ಲಿ ಪೊಟ್ಟಣ ಬಿಚ್ಚಿ ಚಟ್ನಿ ಬಡಿಸುವಷ್ಟರಲ್ಲಿ ಕೊನೆಯ ಪುಟಕ್ಕೆ ಬಂದಿದ್ದಳು. ಕಣ್ಣು ಒದ್ದೆಯಾಗಿತ್ತು, ಆದರೂ ತಪ್ಪು ಹುಡುಕುವುದನ್ನು ಬಿಟ್ಟಿರಲಿಲ್ಲ.

"ಎಣಿಕೆ ತಪ್ಪಿದೆ ಮಿಸ್. ನೂರ ಒಂದು ಸಲ ಬರೆದಿದೀರ."

"ತಪ್ಪಿಲ್ಲ" ಎಂದೆ. "ಅದೊಂದು ಕೊಸರು."